ಕೇಳಿದಷ್ಟು ಉಪ್ಪು

ಶೆಪರ್ಟನ್ನಿನ ಹಣ್ಣಿನ ಕಾರ್ಖಾನೆಯಲ್ಲಿ ನನ್ನ ಕೆಲಸ
ಮುಚ್ಚಳ ತಟ್ಟಿ ನೋಡುವುದು.
ಟಣ್ ಅಂದರೆ ಪಾಸು, ಡಬ್ ಅಂದರೆ ತಿಪ್ಪೆಗೆ.
ಎಂಟು ತಾಸು, ನಿಮಿಷಕ್ಕೆ ನಲವತ್ತು ಬಾಟಲಿ ಪೀಚು,
ಒಂದೇ ಸಿಹಿ, ಒಂದೇ ಹಳದಿ.
ಗೋಡೆಯ ಮೇಲೆ ಪಟ್ಟಿ:
ಇಷ್ಟು ಸಕ್ಕರೆ, ಇಷ್ಟು ಶಾಖ, ಇಷ್ಟು ಹೊತ್ತು.

ಮನೆಗೆ ಬಂದರೆ ಪಟ್ಟಿಯಿಲ್ಲ.
ಫೋನಿನೊಳಗೆ ಬ್ಯಾಡಗಿಯಿಂದ ಅತ್ತಿಗೆಯ ದನಿ.
"ಎಷ್ಟು ಉಪ್ಪು?"
"ಅದು ಕೇಳಿದಷ್ಟು."
"ಅದು ಕೇಳಿದ್ದು ನನಗ ಹೆಂಗ ತಿಳೀಬೇಕು?"
"ಕೈ ಹಾಕು. ತಿಳೀತೈತಿ."

ಜನವರಿ. ಹೊರಗೆ ನಲವತ್ತೆರಡು ಡಿಗ್ರಿ.
ಇಲ್ಲಿ ಸಂಕ್ರಾಂತಿಗೇ ನೆತ್ತಿ ಒಡೆಯುವ ಬಿಸಿಲು;
ಎಳ್ಳು ಬೆಲ್ಲ ಹಂಚುವ ದಿನ ನಾನು
ಟ್ರ್ಯಾಂಪೊಲಿನ್ ಮೇಲೆ ಹಳೇ ಸೀರೆ ಹಾಸಿ
ಉಪ್ಪು ಸವರಿದ ನಿಂಬೆಹೋಳು ಒಣಗಿಸುತ್ತೇನೆ.
ಸಿರಿಗೌರಿಗೆ ಸಿಟ್ಟು, ಜಿಗಿಯಲು ಜಾಗವಿಲ್ಲ.
ಮ್ಯಾಗ್‌ಪೈ ಹಕ್ಕಿಯೊಂದು ಇಳಿದು ಹೋಳು ಕುಕ್ಕಿ
ತಲೆ ಕೊಡವಿತು, ಹಾರಿತು,
ತಿರುಗಿ ಬಂದು ಮತ್ತೆ ಕುಕ್ಕಿತು.
ಹುಳಿ ಅಂದರೆ ಹಾಗೇ.

ಬೇಲಿಯಾಚೆ ಕಾಂಚೆತ್ತಾ, ಎಂಬತ್ತೊಂದು ವರ್ಷ.
ಬದನೆಯನ್ನು ಬೆಂಕಿಕಡ್ಡಿಯಷ್ಟು ಸಣ್ಣಗೆ ಸೀಳಿ
ಉಪ್ಪು ಬೆರೆಸಿ, ಮೇಲೆ ಹಲಗೆ, ಹಲಗೆಯ ಮೇಲೆ
ಗಂಡನ ಕಾರಿನ ಬ್ಯಾಟರಿ.
ಗಂಡ ಹೋದ. ಕಾರು ಮಾರಿದಳು.
ಬ್ಯಾಟರಿ ಮಾತ್ರ ಕೊಡಲಿಲ್ಲ,
ಅದರ ಭಾರ ಬದನೆಗೆ ಒಗ್ಗಿಹೋಗಿದೆಯಂತೆ.

ಎದುರುಮನೆಯ ಉಮ್ ಹೈದರ್
ಬೆಳ್ಳನೆಯ ಟರ್ನಿಪ್ಪಿನ ನಡುವೆ
ಒಂದೇ ಒಂದು ಬೀಟ್‌ರೂಟ್ ಹೋಳು ಬಿಡುತ್ತಾಳೆ;
ಮೂರು ದಿನಕ್ಕೆ ಜಾಡಿಗೆ ಜಾಡಿಯೇ ನಾಚಿ ಕೂತಿರುತ್ತದೆ.

ನಮ್ಮ ಮೂವರ ಇಂಗ್ಲಿಷು ಕೂಡಿಸಿದರೂ
ಒಂದು ಅರ್ಜಿ ತುಂಬಲಿಕ್ಕೆ ಸಾಲದು.
ಚಮಚ ಮಾತ್ರ ಬೇಲಿಯ ಮೇಲೆ ಅತ್ತಿತ್ತ ಓಡಾಡುತ್ತದೆ.
ನನ್ನ ರಂಜಕ ನಾಲಗೆಗಿಟ್ಟ ಕಾಂಚೆತ್ತಾ
ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು,
ಮೂಗು ಒರೆಸಿಕೊಂಡಳು,
ಇನ್ನೊಂದು ಚಮಚ ಬೇಡಿದಳು.

ಮೊದಲ ವರ್ಷ ಕಾರ್ಖಾನೆಯ ಬುದ್ಧಿಯಿಂದ ಹಾಕಿದ್ದೆ.
ತಕ್ಕಡಿ, ಥರ್ಮಾಮೀಟರು, ತಾರೀಖು ಬರೆದ ಚೀಟಿ.
ಮುಚ್ಚಳ ಬಿಗಿದು ತಟ್ಟಿ ನೋಡಿದರೆ, ಟಣ್!
ಹನ್ನೊಂದನೆಯ ರಾತ್ರಿ ಕಪಾಟಿನೊಳಗೆ ಢಮ್.
ಗಂಡ ಪೊಲೀಸರಿಗೆ ಫೋನು ಹಚ್ಚಿಬಿಟ್ಟಿದ್ದ.
ಬೆಳಗಿನ ಜಾವ ಇಬ್ಬರೂ ಕುರ್ಚಿ ಹತ್ತಿ
ಸೀಲಿಂಗಿನಿಂದ ಗಜ್ಜರಿ ಕಿತ್ತೆವು.
ಬಾಡಿಗೆಯ ಠೇವಣಿಯಲ್ಲಿ ಅದಕ್ಕೂ ಒಂದಷ್ಟು ಹೋಯಿತು.
ಅತ್ತಿಗೆ ನಕ್ಕು ನಕ್ಕು, ಕೆಮ್ಮಿ, ಆಮೇಲೆ ಅಂದಳು:
"ಸತ್ತಿದ್ದಕ್ಕ ಹಾಕ್ತಾರವ್ವಾ ಬಿಗಿ ಮುಚ್ಚಳಾ.
ಇದು ಜೀವಂತ ಐತಿ.
ಉಸುರಾಡಲಿಕ್ಕೆ ಬಿಡು."

ಈಗ ಬಾಯಿಗೆ ಅರಿವೆ ಕಟ್ಟುತ್ತೇನೆ.
ಪಾಳಿ ಮುಗಿಸಿ ಬಂದು, ಬೂಟು ಬಿಚ್ಚುವ ಮೊದಲು
ಒಂದೊಂದಕ್ಕೂ ಕಿವಿ ಕೊಡುತ್ತೇನೆ.
ಹೂಕೋಸು ಸಣ್ಣಗೆ ಗುಳುಗುಳು.
ಗಜ್ಜರಿ ನೀರು ಬಿಟ್ಟಿದೆ.
ಹಸಿಮೆಣಸಿನಕಾಯಿ ಸುಮ್ಮನಿದೆ, ಸಿಟ್ಟು ಇನ್ನೂ ಇಳಿದಿಲ್ಲ.
ಸವತೆ ಯಾಕೋ ಮಂಕು.
ಒಂದು ಚಿಟಿಕೆ. ಇನ್ನೂ ಅರ್ಧ.

ತಿಂಗಳ ಮೂರು ದಿನ ಜಾಡಿಯ ನೆರಳೂ ತುಳಿಯಬಾರದು
ಎಂದು ಕೇಳಿ ಬೆಳೆದವಳು ನಾನು.
ಮಗಳಿಗೆ ಅದನ್ನು ಹೇಳಲೇ ಇಲ್ಲ.
ಅವಳು ಬೇಕಾದಾಗ ಕೈ ಹಾಕಿ ನೆಕ್ಕಿದ ನೆಲ್ಲಿಕಾಯಿ
ಇಗೋ, ಎರಡನೆಯ ವರ್ಷ,
ಬೂಷ್ಟಿನ ಸುಳಿವಿಲ್ಲ.

ನಾಳೆ ಮತ್ತೆ ನಿಮಿಷಕ್ಕೆ ನಲವತ್ತು.
ಟಣ್, ಟಣ್, ಟಣ್.
ಡಬ್ ಅಂದದ್ದನ್ನು ತಿಪ್ಪೆಗೆ ಹಾಕುವ ಮುಂಚೆ
ಮೇಲ್ವಿಚಾರಕ ಅತ್ತ ತಿರುಗಿದ ಗಳಿಗೆ ನೋಡಿ
ಕಿವಿಗೆ ಹಿಡಿಯುತ್ತೇನೆ,
ಅದಕ್ಕೇನು ಬೇಕಿತ್ತೋ ಎಂದು.