ಒಂಬತ್ತನೆಯ ಪುಟ

ಪ್ಯಾಂಪೋಲ್ ಬಂದರು. ಹಗ್ಗ, ಲಂಗರು ಮಾರುವ ನನ್ನ ಅಂಗಡಿ.
ಶಟರ್ ಎಳೆದು ಮಾಳಿಗೆ ಹತ್ತಿ
ತ್ಯುದುವಾಲನ ಗಂಟು ಎರಡು ಮಾಡುತ್ತಿದ್ದೇನೆ:
ಪ್ರೋಗ್ರಾಮು ಈ ಕಡೆ, ಕೈಪಿಡಿ ಆ ಕಡೆ.
ಒಬ್ಬನೇ ಬರೆದದ್ದು, ಒಂದೇ ಚಳಿಗಾಲದಲ್ಲಿ,
ಬಲಗೈಯ ಒಂದೇ ಬೆರಳಲ್ಲಿ.
ಉಳಿದವನ್ನು ಹಡಗಿನ ಹಗ್ಗ ಒಯ್ದಿತ್ತು.

ಉಬ್ಬರ ಇಳಿತ ಎಣಿಸುವ ಪ್ರೋಗ್ರಾಮು. ಅದರ ಪರವಾನಗಿ:
ತಗೋ, ಬಿಚ್ಚು, ಕೊಯ್ಯಿ, ಹೊಲಿ, ಬೇಕಾದರೆ ಮಾರು.
ಹಂಚುವುದಾದರೆ ಹೊಲಿಗೆ ಕಾಣುವಂತೆ ಹಂಚು.
ನನ್ನ ಹೆಸರು ಅಳಿಸಬೇಡ,
ಮುಂದಿನವರ ಕೈ ಕಟ್ಟಬೇಡ.
ಇದೂ ಒಂದು ಕಟ್ಟೇ, ಗೊತ್ತು.
ಹಾಯಿಯನ್ನೂ ಕಟ್ಟುತ್ತೇವಲ್ಲ,
ಕಟ್ಟದಿದ್ದರೆ ಅದು ಬರೀ ಬಟ್ಟೆ.

ಕೈಪಿಡಿಯದು ಬೇರೆ ರಾಗ.
ಎಲ್ಲ ತಿದ್ದು, 'ಓಲಿಯೆ' ಎಂಬ ಅಧ್ಯಾಯ ಬಿಟ್ಟು.
ಏಳು ಪುಟ. ಅಲ್ಪವಿರಾಮ ಮುಟ್ಟುವಂತಿಲ್ಲ,
ಬಿಟ್ಟು ಅಚ್ಚು ಹಾಕುವಂತಿಲ್ಲ,
ರಕ್ಷಾಪುಟದ ಮೇಲೆ ಅವನ ಐದು ಪದ ಇರಲೇಬೇಕು.
ಆನೆ ಕೊಟ್ಟು ಅಂಕುಶ ಇಟ್ಟುಕೊಂಡ ಮುದುಕ.

ಚಿಪ್ಪು ಹೆಕ್ಕುವ ಸ್ವಾಜಿಗ್ ಕೇಳುತ್ತಾಳೆ
ಒಂದು ಕಾರ್ಡು, ಪ್ಲಾಸ್ಟಿಕ್ ಹೊದಿಸಿದ್ದು, ಬೂಟಿನೊಳಗೆ ಸೇರುವಂಥದ್ದು.
ಕೈಪಿಡಿಯ ಪಟ್ಟಿ ಎತ್ತಿಕೊಟ್ಟರೆ
ಏಳು ಪುಟವೂ ಬೂಟಿಗಿಳಿಯಬೇಕು.
ಕೈಪಿಡಿಯ ಎರಡು ಸಾಲು ತಂದು
ಪ್ರೋಗ್ರಾಮಿನ ಬಾಯಿಗೆ ಇಡೋಣವೆಂದರೆ
ಒಂದೇ ಬೆರಳು ಬರೆದ ಎರಡಕ್ಕೂ
ಎಣ್ಣೆ ಸೀಗೆಕಾಯಿ.

ಹ್ಯಾಂಬರ್ಗಿನಿಂದ ಲುಡ್ಗರ್ ಬರೆದ:
ತಿದ್ದಲಾಗದ್ದು ನಮ್ಮ ದೊಡ್ಡ ಕಪಾಟಿನಲ್ಲಿ ಇರಬಾರದು.
ಪ್ರಾರ್ಥನೆಯಾದರೂ ಅಷ್ಟೇ.
ನಾನು ಕೇಳಿದೆ: ಪರವಾನಗಿಯ ತಲೆಯಲ್ಲೇ ಇದೆಯಲ್ಲ,
'ನನ್ನನ್ನು ನಕಲು ಮಾಡು, ಬದಲಿಸಬೇಡ' ಅಂತ.
ಅದನ್ನು ಎಲ್ಲಿಡುತ್ತೀಯ?
ಎರಡು ದಿನ ಬಿಟ್ಟು ಉತ್ತರ: ಅದು ಬಾಗಿಲು, ಮನೆಯಲ್ಲ.
ಬಾಗಿಲು ಬಿಟ್ಟು ಮನೆ ಉಂಟೇನೋ ಎನ್ನಬೇಕೆಂದಿದ್ದೆ,
ಯಾರೋ ಮೊಳೆ ಕೇಳಿಕೊಂಡು ಬಂದರು.

ಹೊರಗೆ ಹಾಕುವ ಮೊದಲು ಓದಿದರಾಯಿತೆಂದು
ಇವತ್ತು ಆ ಏಳು ಪುಟ ಓದಿದೆ.
ಓಲಿಯೆ, ತಮ್ಮ, ಹತ್ತೊಂಬತ್ತರ ಹುಡುಗ.
ಪಂಚಾಂಗ ನಂಬಿ ಮರಳದಿಬ್ಬಕ್ಕೆ ನಡೆದ.
ಮೂರು ಇರಬೇಕಾದಲ್ಲಿ ಎಂಟು ಅಚ್ಚಾಗಿತ್ತು.
ಬುಟ್ಟಿ ಸಿಕ್ಕಿತು.
ಕೊನೆಯ ಸಾಲು: ಅಚ್ಚಾದ ಅಂಕಿಯನ್ನು ನಂಬಬೇಡಿ, ನೀರನ್ನು ನೋಡಿ.

ಆ ಸಾಲಿಗೆ ಸ್ವಲ್ಪ ಮೇಲೆ, ಒಂಬತ್ತನೆಯ ಪುಟದಲ್ಲಿ,
ಇಳಿತ ಕಳೆದು ಎಷ್ಟು ಹೊತ್ತಿಗೆ ದಿಬ್ಬ ಮುಳುಗುತ್ತದೆಂದು ಬರೆದಿದ್ದಾನೆ.
ಬೆರಳು ಜಾರಿತೋ, ಆಮೇಲೆ ಮರಳು ಸರಿಯಿತೋ,
ನಲವತ್ತು ನಿಮಿಷ ತಪ್ಪು.

ಕೆಳಗಿನ ಗಲ್ಲಾದ ಸದ್ದು ಕೂಡ ಇಲ್ಲ ಈಗ.
ತಿದ್ದುವ ಹಕ್ಕು ಅವನೊಬ್ಬನಿಗಿತ್ತು,
ಅವನು ಹೋಗಿ ಎರಡು ವರ್ಷ.
ಬ್ರೆಸ್ಟಿನ ಮಗಳು ಫೋನೆತ್ತಿ
'ಆ ಪುಟದ ಮಾತು ಬೇಡ' ಎಂದು ಇಟ್ಟಳು.

ಸೇರಿಸಲು ಅಡ್ಡಿಯಿಲ್ಲ, ಅದೊಂದು ಬಿಟ್ಟಿದ್ದಾರೆ.
ಅಧ್ಯಾಯ ಮುಗಿದಲ್ಲಿ ಹೊಸ ಹಾಳೆ ಹೊಲಿದೆ:
'ಒಂಬತ್ತನೆಯ ಪುಟದ ಹೊತ್ತು ತಪ್ಪು.
ಎರಡು ಗಂಟೆ ಹತ್ತು ನಿಮಿಷವಲ್ಲ, ಒಂದೂವರೆ ಗಂಟೆ.
ಈ ಬೇಸಿಗೆ ನಾನೇ ನಿಂತು ನೋಡಿದ್ದು. ಅಜೆನೊರ್.'
ಬದಲಿಸಬಾರದ ಭಾಗಗಳ ಪಟ್ಟಿಗೆ
ಇದನ್ನೂ ಸೇರಿಸಬಹುದಿತ್ತು.
ಸೇರಿಸಲಿಲ್ಲ.

ಬೆಳಗಿನ ಐದಕ್ಕೆ ಕಿಟಕಿಯಾಚೆ ಸ್ವಾಜಿಗ್,
ಕಾರ್ಡಿಲ್ಲದ ಬೂಟು, ಖಾಲಿ ಬುಟ್ಟಿ.
ಗಡಿಯಾರ ನೋಡುತ್ತಾಳೆ.
ಆಮೇಲೆ ನೀರು.
ಮತ್ತೆ ಗಡಿಯಾರ.