ಹಗ್ಗ ಮಾತ್ರ ಮಾರಾಟಕ್ಕಿಲ್ಲ

ಬಾ ಟೆಗಿಡ್, ಬೂಟಿನ ಕೆಸರು ಹೊರಗೇ ಒರೆಸು.
ಚಹಾ ಆಮೇಲೆ. ಬೆಳಕಿರುವಾಗಲೇ ಸಾಮಾನು ನೋಡಿಬಿಡು,
ವೇಲ್ಸಿನ ಈ ಕಿರಿದಾದ ಕಣಿವೆಗೆ ಫೆಬ್ರವರಿಯ ಸೂರ್ಯ
ಬಂದದ್ದೇ ತಡ, ಹೊರಟೂಬಿಡುತ್ತಾನೆ.

ಗರಗಸ ಎಲ್ಲಿ ಅನ್ನುತ್ತೀ. ಎಲ್ಲರೂ ಅದನ್ನೇ ಕೇಳುವುದು.
ನಾನು ಮೊದಲು ತೋರಿಸುವುದು
ಮೊಳೆಗೆ ನೇತುಹಾಕಿದ ಆ ಪ್ಯಾಂಟು.
ಎಡತೊಡೆಯ ಹತ್ತಿರ ಸೀಳಿದೆಯಲ್ಲ,
ಒಳಗಿಂದ ಬಿಳಿ ಎಳೆ ಈಚೆ ಬಂದಿದೆಯಲ್ಲ,
ಅಷ್ಟೂ ಚೈನಿನ ಹಲ್ಲಿಗೆ ಸುತ್ತಿಕೊಂಡು
ಎಂಜಿನ್ನಿನ ಉಸಿರು ಕಟ್ಟಿಸಿತು.
ನನಗೆ ಉಳಿದದ್ದು ಒಂದು ನೀಲಿ ಬಾಸುಂಡೆ.
ಆ ಸಂಜೆ ಆಲೂಗಡ್ಡೆ ಸುಲಿಯಲು ಕೂತೆ,
ಚಾಕು ಹಿಡಿದ ಕೈ ನಿಲ್ಲಲಿಲ್ಲ.
ದುಡ್ಡು ಸಾಲದಿದ್ದರೆ ಗರಗಸ ಹಳೆಯದು ಕೊಳ್ಳು,
ಪ್ಯಾಂಟು, ಹೆಲ್ಮೆಟ್ಟು, ಬೂಟು ಹೊಸತೇ ಇರಲಿ.

ಈಗ ಇದು. ಮೇಲ್ಗಡೆ ಹಿಡಿಯಿರುವ ಮರಿ ಗರಗಸ.
ಮರದ ಮೇಲಷ್ಟೇ ಇದರ ಸಂಸಾರ, ನೆಲದ ಕೆಲಸಕ್ಕೆ ಆ ದೊಡ್ಡದು.
ಹಗುರ ಇದ್ದೇನೆ, ಒಂದೇ ಕೈ ಸಾಕು ಅನ್ನುತ್ತದೆ,
ನಂಬಬೇಡ.
ಬಾರಿನ ಮೂತಿ ನೋಡು, ಮೇಲಿನ ಕಾಲುಭಾಗ:
ಅದು ಕೊಂಬೆಗೆ ತಾಗಿತೋ,
ಗರಗಸ ನಿನ್ನ ಮುಖ ಹುಡುಕಿಕೊಂಡು ಬರುತ್ತದೆ.

ಎಣ್ಣೆ, ಐದು ಲೀಟರಿಗೆ ನೂರು ಮಿಲಿ. ಕಣ್ಣಂದಾಜು ಬೇಡ.
ಚೈನು ಸಿಪ್ಪೆ ಉಗುಳಿದರೆ ಹರಿತವಾಗಿದೆ,
ಹಿಟ್ಟು ಉಗುಳಿದರೆ ಇಳಿದು ಬಾ, ಅರ ಹಿಡಿ.
ಎಡದ ಹಲ್ಲಿಗೆ ಮೂರು ಸಲ ಉಜ್ಜಿದರೆ ಬಲಕ್ಕೂ ಮೂರೇ,
ಪಂಕ್ತಿಯಲ್ಲಿ ಭೇದ ಮಾಡಿದರೆ
ವಾರೆಯಾಗಿ ಕೊಯ್ದು ಸೇಡು ತೀರಿಸುತ್ತದೆ.

ದಾರಿಯುದ್ದಕ್ಕೂ ಸತ್ತ ಆಶ್ ಮರಗಳನ್ನು ಕಂಡಿರಬೇಕು.
ಬೂಜು ಹತ್ತಿದ ರೋಗ, ತುದಿಯಿಂದ ಒಣಗುತ್ತ ಬರುತ್ತದೆ.
ಹಸಿ ಮರ ನರಳಿ, ಬಗ್ಗಿ, ನಾಲ್ಕು ಮಾತಾಡಿ ಬೀಳುತ್ತದೆ,
ಈ ಆಶ್ ಬಿಸ್ಕತ್ತಿನ ಹಾಗೆ, ಟಕ್.
ಹತ್ತಬೇಡ. ಬುಟ್ಟಿಯ ಕ್ರೇನ್ ಬಾಡಿಗೆಗೆ ತರಿಸು.
ಯಜಮಾನ ಗೊಣಗಿದರೆ, ನೀವೇ ಹತ್ತಿ ಸ್ವಾಮಿ, ಅನ್ನು.

ಕೊಯ್ಯುವಾಗ ಎರಡು ಕಡೆ ಕಟ್ಟಿಕೊಂಡಿರು,
ಒಂದು ಹಗ್ಗ, ಇನ್ನೊಂದು ಉಕ್ಕಿನ ಎಳೆಯ ಪಟ್ಟಿ.
ಕೆಳಗೊಬ್ಬ ಬೇಕೇ ಬೇಕು. ಬರೀ ಕೊಂಬೆ ಎಳೆಯುವವನಲ್ಲ,
ಮೇಲೆ ಹತ್ತಿ ನಿನ್ನನ್ನು ಇಳಿಸಬಲ್ಲವನು.
ಇಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಚರ್ಚಿನ ಗೇಟಿನಲ್ಲಿ ಮಾತ್ರ,
ಅದನ್ನು ಅವನಿಗೂ ಬೆಳಿಗ್ಗೆಯೇ ಹೇಳಿರು.

ಆ ಹಗ್ಗವೇ? ಅದು ಮಾರಾಟಕ್ಕಿಲ್ಲ.
ಹೌದು, ಹೊಸದರ ಹಾಗೆ ಕಾಣುತ್ತದೆ. ತೊಳೆದಿಟ್ಟಿದ್ದೇನೆ.
ಬೇರೆಯವರ ಹಗ್ಗ ಯಾವತ್ತೂ ಕೊಳ್ಳಬೇಡ ಟೆಗಿಡ್,
ಗರಗಸ ಕೆಮ್ಮಿ ತನ್ನ ಕಾಯಿಲೆ ಹೇಳಿಕೊಳ್ಳುತ್ತದೆ,
ಹಗ್ಗಕ್ಕೆ ಬಾಯಿಲ್ಲ.

ಇದರ ಮೇಲೆ ಒಮ್ಮೆ ಹಿವೆಲ್ ಬಿದ್ದ.
ಹನ್ನೆರಡು ಅಡಿ ಸಡಿಲ ಬಿಟ್ಟುಕೊಂಡಿದ್ದ, ದಡಕ್ಕೆಂದು ನಿಂತ.
ಸೊಂಟ ಉಳುಕಿತು, ಅಷ್ಟೇ. ಈಗ ಊರಾಚೆ ಅಂಚೆ ಕಚೇರಿ ನಡೆಸುತ್ತಾನೆ,
ಮದುವೆಯಾಗಿ ದಪ್ಪಗಾಗಿದ್ದಾನೆ.
ಅವತ್ತೇ ಇದನ್ನು ಕತ್ತರಿಸಬೇಕಿತ್ತು.
ನಾಳೆ ಅಂದೆ. ಹೊಸದಕ್ಕೆ ದುಡ್ಡು ಬರಲಿ ಅಂದೆ.
ಎರಡು ವರ್ಷ
ನಾನೇ ಇದರ ಮೇಲೆ ಹತ್ತಿದೆ.
ಯಾರಿಗೂ ಹೇಳಿಲ್ಲ. ಹಿವೆಲ್‌ಗೂ.

ತಗೋ ಚಾಕು, ನೀನೇ ಕೊಯ್ಯಿ.
ಗಟ್ಟಿಯಾಗಿ. ನಡುವೆ. ಹಾಂ.

ನೋಡಿದೆಯಾ, ತಿರುಳು ಹಾಲಿನ ಹಾಗೆ ಬೆಳ್ಳಗಿದೆ.
ಸೀಳಿ ನೋಡಿದರೂ ಒಂದು ಮಾತು ಹೇಳಲಿಲ್ಲ.
ಆ ತುಂಡು ಇತ್ತ ಕೊಡು, ಕೋಳಿಗೂಡಿನ ಬಾಗಿಲಿಗಾದೀತು.
ಗರಗಸಕ್ಕೆ ಅಂದದ್ದಕ್ಕಿಂತ ಐವತ್ತು ಪೌಂಡ್ ಕಡಿಮೆ ಕೊಡು,
ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು
ನಿನಗೀಗ ಗೊತ್ತು.