ಕಳ್ಳಭಟ್ಟಿ

ನಮ್ಮ ಭಟ್ಟಿಗೆ ಭತ್ತದ ಹೊಟ್ಟೇ ಉರುವಲು.
ಬೆಳಗಿನ ನಾಲ್ಕಕ್ಕೆ ಜುಬೇದಾ ಒಲೆಗೆ ಸುರಿಯುತ್ತಾಳೆ,
ಬಾಣಲೆಯ ಮರಳು ಕಾಯುತ್ತದೆ,
ಉಪ್ಪುನೀರು ಕುಡಿದ ಅಕ್ಕಿ ಬಿದ್ದ ಕ್ಷಣವೇ ಅರಳುತ್ತದೆ.
ಜರಡಿ ನನ್ನದು. ಮರಳು ಕೆಳಗೆ, ಮಂಡಕ್ಕಿ ಮೇಲೆ.
ಇಪ್ಪತ್ತಾರು ವರ್ಷ ಇಷ್ಟೇ ಕೆಲಸ:
ಯಾವುದು ಉಳಿಯಬೇಕು, ಯಾವುದು ಉದುರಬೇಕು.

ಮೊದಲು ಅದನ್ನು ಗಡ್ಡೆ ಅಂದರು,
"ಹೆಂಗಸರಿಗೆ ಇರೋದೇ, ತೆಗೆದರೆ ಆಯ್ತು."
ತೆಗೆದರು. ಸ್ಟೀಲಿನ ಟ್ರೇಯಲ್ಲಿ ಹೋದ ಗರ್ಭಕೋಶ
ಹದಿನೇಳನೇ ದಿನ ಕಾಗದವಾಗಿ ಬಂತು.
ಸಾರ್ಕೋಮಾ.
ಮಗಳು ಎರಡು ಸಲ ಓದಿದಳು.
ಊರಿನ ಹೆಸರಿನಂತಿತ್ತು, ಬಸ್ಸಿಲ್ಲದ ಊರು.

ನಾಲ್ಕನೇ ವರ್ಷ ಎದೆಯ ಸ್ಕ್ಯಾನಿನಲ್ಲಿ
ಮಂಡಕ್ಕಿ ಚೆಲ್ಲಿದ ಹಾಗೆ ಚುಕ್ಕೆ.
ದೊಡ್ಡದು ಹದಿನಾಲ್ಕು ಮಿಲಿಮೀಟರ್.
ನಾನು ಕೂದಲು ಮುಟ್ಟಿಕೊಂಡೆ.
ಡಾಕ್ಟರಮ್ಮ ತಲೆಯಾಡಿಸಿದರು:
"ಕೀಮೋ ಅಲ್ಲ ಕೊಟ್ರಮ್ಮ. ನಿಮ್ಮದು ನಿಧಾನದ ಜಾತಿ.
ಎಲ್ಲ ಸಾರ್ಕೋಮಾನೂ ಹೀಗಲ್ಲ,
ನಿಮ್ಮದಕ್ಕೆ ಹಾರ್ಮೋನೇ ಊಟ. ರಿಪೋರ್ಟು ಪಾಸಿಟಿವ್."
ಪಾಸಿಟಿವ್ ಅಂದರೆ ಬೀದಿಗೆ ತಗಡು ಬಡಿದ
ವರ್ಷ ಕಂಡವಳು ನಾನು.
ಈ ಸಲ ಅದು ಒಳ್ಳೆಯದಂತೆ.

ಹದಿಮೂರಕ್ಕೆ ನನ್ನನ್ನು ಹಸೆಗೆ ಕೂರಿಸಿ
ಕೊಬ್ಬರಿ ಬೆಲ್ಲ ತಿನ್ನಿಸಿ ಸೋಬಾನೆ ಹಾಡಿಸಿದ್ದು
ಇದೇ ರಸಕ್ಕೆ.
ಇದೇ ಮೂರು ಬಸಿರು ಕಟ್ಟಿಸಿತು,
ಎರಡನ್ನು ದಡ ಹತ್ತಿಸಿತು.
ಇದನ್ನೇ ಉಂಡು ಅದೂ ಬೆಳೆಯಿತು,
ಮಕ್ಕಳ ಪಂಕ್ತಿಯಲ್ಲೇ ಕೂತು, ಯಾರೂ ಕರೆಯದೆ.

ಅಂಡಾಶಯವನ್ನೂ ತೆಗೆದರು.
"ಅಷ್ಟಕ್ಕೇ ನಿಲ್ಲಲ್ಲ," ಅಂದರು ಡಾಕ್ಟರಮ್ಮ,
"ಮೈಯ ಕೊಬ್ಬೂ ಅಲ್ಲಲ್ಲಿ ಕದ್ದು ಕಾಯಿಸುತ್ತೆ."
ನನಗೆ ಥಟ್ಟನೆ ತಿಳಿಯಿತು. ಕಳ್ಳಭಟ್ಟಿ!
ನಮ್ಮಪ್ಪನ ಕಾಲದಲ್ಲಿ ಜಾಲಿಯ ಮರೆಯಲ್ಲಿ
ಕೊಡದ ಬಾಯಿಗೆ ಬಟ್ಟೆ ಕಟ್ಟಿ ಇಳಿಸುತ್ತಿದ್ದರಲ್ಲ, ಅದು.
ಹಾಗಾದರೆ ಈ ಹಳದಿ ಮಾತ್ರೆ ಅಬಕಾರಿಯವನು,
ದಿನಾ ರಾತ್ರಿ ಒಂಬತ್ತಕ್ಕೆ ಬಂದು
ಕೊಡ ಒಡೆದು ಹೋಗಬೇಕು.
ಡಾಕ್ಟರಮ್ಮ ನಕ್ಕರು. ಹಂಗೇ ಅಂದ್ಕೊಳ್ಳಿ.

ಅವನೂ ಸುಮ್ಮನೆ ಹೋಗುವವನಲ್ಲ, ಲಂಚ ಕೇಳುತ್ತಾನೆ.
ಮುಂಜಾನೆ ಬೆರಳು ಮಡಚುವುದಿಲ್ಲ,
ಜರಡಿ ಹಿಡಿಯಲು ಬಿಸಿನೀರು ಬೇಕು.
ಮೂಳೆಗೆ ಸುಣ್ಣದ ಗುಳಿಗೆ ಬೇರೆ.
ಆಮೇಲೆ ಆ ಝಳ, ಎದೆಯಿಂದ ಎದ್ದು ಕಿವಿಯವರೆಗೆ.
ಜುಬೇದಾ ಬೀಸಣಿಗೆ ಎಸೆದು ಬೈಯುತ್ತಾಳೆ:
"ಭಟ್ಟಿ ಆರಿ ಒಂದು ತಾಸಾತು, ನಿಂಗಿನ್ನೂ ಬೆವರೇನೇ?"
ಹೇಗೆ ಹೇಳಲಿ? ನನ್ನದು ಈಗ ಆರುತ್ತಿದೆ,
ಆರುವಾಗಲೇ ಸುಡುತ್ತದೆ.

ಮುಟ್ಟು ಬಂದಾಗ ಓಣಿಗೆಲ್ಲ ಕರೆ ಹೋಗಿತ್ತು.
ನಿಂತಾಗ ಗಂಡನಿಗೂ ಹೇಳಲು ಮಾತು ಸಿಕ್ಕಲಿಲ್ಲ.
ಲಾರಿಗೆ ಚೀಲ ಎಣಿಸುತ್ತಿದ್ದವನು
ನನ್ನ ಪಾಲಿನ ಚೀಲವನ್ನೂ ತಾನೇ ಎತ್ತಿದ.
ಗೊತ್ತಿತ್ತೋ ಏನೋ.

ನಿನ್ನೆ ಹೊಸ ಸ್ಕ್ಯಾನಿನ ಕವರು ಹಿಡಿದು
ಅಶೋಕ ಟಾಕೀಸಿನ ರೈಲ್ವೆ ಗೇಟಲ್ಲಿ ನಿಂತೆ.
ಗೂಡ್ಸು ಗಾಡಿ. ಡಬ್ಬಿ ಎಣಿಸುತ್ತ ಮೂವತ್ತೊಂದಕ್ಕೆ
ತಾಳ್ಮೆ ತಪ್ಪಿ ಕವರು ಹರಿದೆ.
ಹದಿನಾಲ್ಕು ಇದ್ದದ್ದು ಒಂಬತ್ತು.
ಉಳಿದವು ಇದ್ದಲ್ಲೇ ಇವೆ.
ಹೋಯ್ತಾ ಅಂತ ಕೇಳಬಾರದು. ಮೊದಲೇ ಹೇಳಿದ್ದಾರೆ:
ಮಲಗುತ್ತೆ, ಅಷ್ಟೆ.
ಗೇಟು ತೆರೆಯಿತು. ಸ್ಕೂಟರುಗಳು ನನ್ನನ್ನು ಬೈದುಕೊಂಡು ಹೋದವು.

ಇವತ್ತು ಗುರುವಾರ.
ಪಟ್ಟಿಯಲ್ಲಿ ಇನ್ನು ಎರಡು ಮಾತ್ರೆ.
ಬಟವಾಡೆ ಶನಿವಾರ.